ಕಾಡತೂಸು ಸಾಕ್ಷಿ ನುಡಿಯಿತು, ಆದರೆ ಕನ್ನಡದಲ್ಲಲ್ಲ!



ಡಾ. ಎಂ.ಎಂ. ಕಲಬುರ್ಗಿಯವರನ್ನು ಧಾರವಾಡದ ಕಲ್ಯಾಣನಗರದ ಮನೆಯಲ್ಲೇ ಗುಂಡಿಕ್ಕಿ ಕೊಂದದ್ದು 2015ರ ಆಗಸ್ಟ್ 30ರ ಬೆಳಿಗ್ಗೆ. ಅಂದು ಭಾನುವಾರ. ಸಂಜೆಯ ಹೊತ್ತಿಗೆ ಇಲ್ಲಿ, ಸುಮಾರು 500 ಕಿಲೋಮೀಟರ್ ಆಚೆ, ಅಂಬಾಜಿದುರ್ಗದ ಬೆಟ್ಟದ ಕೆಳಗಿನ ಟೀ ಅಂಗಡಿಯಲ್ಲಿ ಕೊಲೆಗಾರ ಯಾರೆಂದು ತೀರ್ಪು ಬಂದಾಗಿತ್ತು! ಆಸ್ತಿ ಜಗಳ ಎಂದ ಒಬ್ಬ. ಜಾತಿಯೊಳಗಿನ ಜಗಳ ಎಂದ ಇನ್ನೊಬ್ಬ. ನಿಮಗ್ಯಾರು ಹೇಳಿದರಪ್ಪಾ ಎಂದರೆ, ಎಲ್ಲರೂ ಹೇಳ್ತಾವ್ರೆ ಎಂಬ ಉತ್ತರ. ನಿಮ್ಮ ಊರಿನಲ್ಲೂ ಹೀಗೇ ಆಗಿರುತ್ತದೆ, ನೆನಪು ಮಾಡಿಕೊಳ್ಳಿ.

ಎರಡು ವರ್ಷ ಈ ಗಾಳಿಮಾತೇ ಗೆದ್ದಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, ವಚನ ಸಂಪುಟಗಳನ್ನು ಸಂಪಾದಿಸಿದವರು, 2006ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು, 76 ವರ್ಷದ ಹಿರಿಯರು. ಅಂಥವರನ್ನು ಕೊಂದವನು ಮೋಟಾರ್ ಸೈಕಲ್ ಏರಿ ಮಾಯವಾದ. ಸಿಐಡಿ ತನಿಖೆ ನಡೆಯಿತು, ರೇಖಾಚಿತ್ರ ಬಂತು, ಮೆರವಣಿಗೆ ಆಯಿತು, ಪ್ರಶಸ್ತಿಗಳು ವಾಪಸಾದವು. ಕೊಲೆಗಾರ ಮಾತ್ರ ಸಿಗಲಿಲ್ಲ. ತನಿಖೆಯವರ ಕೈಯಲ್ಲಿ ಉಳಿದ ಗಟ್ಟಿ ವಸ್ತು ಎಂದರೆ ಕಿರುಬೆರಳಿನ ತುದಿಯಷ್ಟೂ ಇಲ್ಲದ ಖಾಲಿ ಕಾಡತೂಸು. 7.65 ಮಿಲಿಮೀಟರ್ ನಾಡ ಪಿಸ್ತೂಲಿನದು.

ಆಮೇಲೆ 2017ರ ಸೆಪ್ಟೆಂಬರ್ 5. ಬೆಂಗಳೂರಿನ ರಾಜರಾಜೇಶ್ವರಿ ನಗರದಲ್ಲಿ, ರಾತ್ರಿ ಕಚೇರಿಯಿಂದ ಮನೆಗೆ ಬಂದ ಪತ್ರಕರ್ತೆ ಗೌರಿ ಲಂಕೇಶ್ ಅವರನ್ನು ಮನೆಯ ಮುಂದೆಯೇ ಕೊಂದರು. ಅಲ್ಲೂ ಹೆಲ್ಮೆಟ್ಟು, ಅಲ್ಲೂ ಮೋಟಾರ್ ಸೈಕಲ್, ಅಲ್ಲೂ 7.65. ವಿಶೇಷ ತನಿಖಾ ದಳದವರು ಅಲ್ಲಿ ಸಿಕ್ಕ ಕಾಡತೂಸುಗಳನ್ನು ಬೆಂಗಳೂರಿನ ಮಡಿವಾಳದ ರಾಜ್ಯ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಿದರು. ಧಾರವಾಡದ ಕಾಡತೂಸು ಎರಡು ವರ್ಷ ಒಂಟಿಯಾಗಿತ್ತು. ಈಗ ಅದಕ್ಕೆ ಜೊತೆ ಸಿಕ್ಕಿತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ವಿಜ್ಞಾನಿಗಳು, ಇವೆರಡೂ ಒಂದೇ ಪಿಸ್ತೂಲಿನಿಂದ ಹೊರಬಿದ್ದವು ಎಂದು ಬರೆದುಕೊಟ್ಟರು. 2018ರ ಮೇ 30ರಂದು ಸಲ್ಲಿಸಿದ ಮೊದಲ ದೋಷಾರೋಪ ಪಟ್ಟಿಯ ಜೊತೆಗೆ ಆ ವರದಿಯೂ ನ್ಯಾಯಾಲಯ ಸೇರಿತು.

ಟೀ ಅಂಗಡಿಯ ತೀರ್ಪು ಅಲ್ಲಿಗೆ ಬಿದ್ದುಹೋಯಿತು. ಧಾರವಾಡದ ಆಸ್ತಿ ಜಗಳಕ್ಕೂ ಬೆಂಗಳೂರಿನ ಪತ್ರಕರ್ತೆಗೂ ಏನು ಸಂಬಂಧ ಹೇಳಿ?

ಇದು ಹೇಗೆ ಸಾಧ್ಯ ಎಂದು ಕೇಳುವವರಿಗೆ ನಮ್ಮ ಕಸುಬಿನಿಂದಲೇ ಹೇಳುತ್ತೇನೆ. ನಾನು ಪಿಯುಸಿಗೆ ಓದು ನಿಲ್ಲಿಸಿ ಅಪ್ಪನ ಪ್ರೆಸ್ಸಿಗೆ ಕೂತವನು. ಆಗಿನ್ನೂ ಟ್ರೆಡಲ್ ಯಂತ್ರ, ಸೀಸದ ಅಚ್ಚುಮೊಳೆ. ಒಂದೇ ಫೌಂಡ್ರಿಯಿಂದ ತಂದ ಮೊಳೆ ಹತ್ತು ಪ್ರೆಸ್ಸಿನಲ್ಲಿದ್ದರೂ, ನಾಲ್ಕು ವರ್ಷ ಬಳಸಿದ ಮೇಲೆ ಒಂದೊಂದು ಪ್ರೆಸ್ಸಿನ ಅಕ್ಷರಕ್ಕೂ ಒಂದೊಂದು ಗಾಯ. ಒಂದು ಕಡೆ 'ಳ'ದ ಬಾಲ ಮುರಿದಿರುತ್ತದೆ, ಇನ್ನೊಂದು ಕಡೆ 'ಕೊಂಬು' ಸವೆದಿರುತ್ತದೆ. ಚುನಾವಣೆಯಲ್ಲಿ ಮುದ್ರಕರ ಹೆಸರಿಲ್ಲದ ಕರಪತ್ರ ಹಂಚುವುದು 1951ರ ಪ್ರಜಾಪ್ರತಿನಿಧಿ ಕಾಯ್ದೆಯಂತೆ ಅಪರಾಧ. ಆದರೂ ಹಂಚುತ್ತಿದ್ದರು. ನಮ್ಮ ಹಳೆಯ ಕಂಪೋಸಿಟರ್ ಅಂಥದ್ದೊಂದನ್ನು ದೀಪದ ಕೆಳಗೆ ಹಿಡಿದು, ಇದು ಇಂಥ ಪ್ರೆಸ್ಸಿನ ಮೊಳೆ ಎಂದು ಹೇಳಿಬಿಡುತ್ತಿದ್ದ. ಹೆಸರು ಮುಚ್ಚಬಹುದು, ಮೊಳೆಯ ಗಾಯ ಮುಚ್ಚಲಾಗದು.

ಪಿಸ್ತೂಲಿನದೂ ಅದೇ ಕಥೆ. ಕುದುರೆ ಎಳೆದಾಗ ಫೈರಿಂಗ್ ಪಿನ್ ಎಂಬ ಸಣ್ಣ ಮೊನೆ ಕಾಡತೂಸಿನ ತಳಕ್ಕೆ ಗುದ್ದುತ್ತದೆ. ಮದ್ದು ಹೊತ್ತಿ ಗುಂಡು ಮುಂದಕ್ಕೆ ಚಿಮ್ಮುವಾಗ ಹಿತ್ತಾಳೆಯ ಕಾಡತೂಸು ಹಿಂದಕ್ಕೆ ಒತ್ತಿ, ಅಲ್ಲಿನ ಲೋಹದ ಗೀರುಗಳನ್ನೆಲ್ಲ ತನ್ನ ಮೇಲೆ ಅಚ್ಚು ಹಾಕಿಕೊಳ್ಳುತ್ತದೆ. ಹೊರಗೆಳೆಯುವ ಕೊಕ್ಕೆಯದೊಂದು ಗುರುತು, ಆಚೆ ತಳ್ಳುವ ಭಾಗದ್ದೊಂದು ಗುರುತು. ಹಿತ್ತಾಳೆ ಮೆತ್ತಗಿನ ಲೋಹ, ಉಕ್ಕು ಗಟ್ಟಿ. ಅಚ್ಚು ಬೀಳದೆ ಇನ್ನೇನು! ನಾಡ ಪಿಸ್ತೂಲನ್ನು ಅರದಿಂದ ಉಜ್ಜಿ ಮಾಡಿದ್ದರೆ ಗೀರುಗಳು ಇನ್ನೂ ಅಡ್ಡಾದಿಡ್ಡಿ. 1920ರ ದಶಕದಲ್ಲಿ ಅಮೆರಿಕದಲ್ಲಿ ಗಾಡರ್ಡ್ ಮತ್ತು ಸಂಗಡಿಗರು ಬಳಕೆಗೆ ತಂದ ಜೋಡಿ ಸೂಕ್ಷ್ಮದರ್ಶಕದಲ್ಲಿ ಎರಡು ಕಾಡತೂಸನ್ನು ಒಟ್ಟಿಗೆ ಇಟ್ಟು, ಅರ್ಧ ಇದರದು ಅರ್ಧ ಅದರದು ಒಂದೇ ಚಿತ್ರದಲ್ಲಿ ನೋಡುತ್ತಾರೆ. ಗೀರಿಗೆ ಗೀರು ಕೂಡಿದರೆ ಆಯಿತು. ಪಿಸ್ತೂಲು ಕೈಗೆ ಸಿಗಲೇಬೇಕೆಂದಿಲ್ಲ. ಎರಡು ಕರಪತ್ರ ಒಂದೇ ಪ್ರೆಸ್ಸಿನವು ಎನ್ನಲು ನನಗೆ ಪ್ರೆಸ್ಸು ತೋರಿಸಬೇಕೇ?

ಹಾಗೆಂದು ಇದು ದೇವರ ವಾಕ್ಯವೆಂದು ತಿಳಿಯಬೇಡಿ. ಒಂದೇ ಪಿಸ್ತೂಲು ಎಂದಷ್ಟೇ ಕಾಡತೂಸು ಹೇಳುತ್ತದೆ. ಹಿಡಿದ ಕೈ ಯಾರದೆಂದು ಅದು ಹೇಳದು. ಅದಕ್ಕೆ ಬೇರೆ ಸಾಕ್ಷ್ಯ ಬೇಕು. ಗೌರಿ ಪ್ರಕರಣದಲ್ಲಿ ಮನೆಯ ಸಿಸಿಟಿವಿಯಲ್ಲಿ ಕಂಡವನ ನಡಿಗೆಯನ್ನು ಆರೋಪಿಯ ನಡಿಗೆಯ ಜೊತೆ ಹೋಲಿಸಲು ಗುಜರಾತಿನ ಗಾಂಧಿನಗರದ ಪ್ರಯೋಗಾಲಯಕ್ಕೆ ಕಳಿಸಿದರು. ಇನ್ನು ವಿಜ್ಞಾನಿಗಳ ನಡುವೆಯೇ ಜಗಳ ಬಂದದ್ದೂ ಉಂಟು. 2013ರ ಆಗಸ್ಟ್ 20ರಂದು ಪುಣೆಯಲ್ಲಿ ನರೇಂದ್ರ ದಾಭೋಲ್ಕರ್ ಅವರನ್ನು ಕೊಂದರು. 2015ರ ಫೆಬ್ರವರಿಯಲ್ಲಿ ಕೊಲ್ಲಾಪುರದಲ್ಲಿ ಗೋವಿಂದ ಪಾನ್ಸರೆಯವರ ಮೇಲೆ ಗುಂಡು ಹಾರಿಸಿದರು. ಈ ಕೊಲೆಗಳಿಗೂ ಧಾರವಾಡದ ಕೊಲೆಗೂ ನಂಟಿದೆ ಎಂದು ಬೆಂಗಳೂರಿನ ಪ್ರಯೋಗಾಲಯ ಹೇಳಿದರೆ, ಮುಂಬಯಿಯ ವರದಿ ಅದಕ್ಕೆ ತಾಳೆಯಾಗಲಿಲ್ಲ. ಸಿಬಿಐಯವರು ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿಗೆ ಕಳಿಸುತ್ತೇವೆ ಎಂದು ತಿಂಗಳುಗಟ್ಟಲೆ ಕೂತರು. ಆ ದೇಶದ ಜೊತೆ ಅದಕ್ಕೆ ಒಪ್ಪಂದವೇ ಇಲ್ಲವೆಂದು ಆಮೇಲೆ ಗೊತ್ತಾಯಿತು. ಕೊನೆಗೆ ಗುಜರಾತಿಗೇ ಹೋಯಿತು. ಮನೆಯ ಗುಂಡಿಗೆ ಪರದೇಶದ ದುರ್ಬೀನು ಹುಡುಕುವ ಈ ಬುದ್ಧಿ ನಮ್ಮಿಂದ ಯಾವಾಗ ಹೋಗುತ್ತದೋ! 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯೇ, ಇಂಥ ಗುರುತು ಹೋಲಿಕೆಗೆ ಇನ್ನಷ್ಟು ಗಟ್ಟಿ ಅಡಿಪಾಯ ಬೇಕೆಂದು ತನ್ನ ದೇಶದ ಪ್ರಯೋಗಾಲಯಗಳಿಗೆ ಛೀಮಾರಿ ಹಾಕಿತ್ತು.

ಬೆಂಗಳೂರಿಗೇ ಒಂದು ಹಳೆಯ ಕಳಂಕವಿದೆ. 2000ದ ದಶಕದಲ್ಲಿ ಮಂಪರು ಪರೀಕ್ಷೆ ಎಂದರೆ ದೇಶವೆಲ್ಲ ಬೆಂಗಳೂರಿನ ಕಡೆ ತಿರುಗುತ್ತಿತ್ತು. ಮನುಷ್ಯನಿಗೆ ಸೂಜಿ ಚುಚ್ಚಿ ಅರೆಪ್ರಜ್ಞೆಯಲ್ಲಿ ಬಡಬಡಿಸಿದ್ದನ್ನು ಟಿವಿಯಲ್ಲಿ ತೋರಿಸಿ ಜನರನ್ನು ರಂಜಿಸಿದರು. 2010ರ ಮೇ 5ರಂದು ಸುಪ್ರೀಂ ಕೋರ್ಟು, ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಮೊಕದ್ದಮೆಯಲ್ಲಿ, ಒಪ್ಪಿಗೆಯಿಲ್ಲದೆ ಇದನ್ನು ಮಾಡುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಒಳ್ಳೆಯದೇ ಆಯಿತು. ಸೂಜಿ ಚುಚ್ಚಿ ಬಾಯಿ ಬಿಡಿಸುವುದಕ್ಕಿಂತ ಬಿದ್ದ ಕಾಡತೂಸನ್ನು ಜೋಪಾನವಾಗಿ ಎತ್ತಿಡುವುದು ಕಷ್ಟದ ಕೆಲಸ, ಆದರೆ ಮರ್ಯಾದೆಯ ಕೆಲಸ.

ಜೋಪಾನ ಎಂದೆನಲ್ಲ, ಅದರಲ್ಲಿ ನಮ್ಮ ಜನದ ಪಾಲೂ ಇದೆ. ನಮ್ಮ ಹೋಬಳಿಯಲ್ಲಿ ಹಿಪ್ಪುನೇರಳೆ ತೋಟದಲ್ಲೋ ಪಾಳು ಬಾವಿಯ ಹತ್ತಿರವೋ ಒಂದು ಹೆಣ ಕಂಡಿತೆನ್ನಿ. ಪೊಲೀಸರು ಬರುವ ಮೊದಲೇ ಇನ್ನೂರು ಜನ ಅಲ್ಲಿ ಓಡಾಡಿರುತ್ತಾರೆ. ಒಬ್ಬ ಪುಣ್ಯಾತ್ಮ ಹೆಣದ ಮೇಲೆ ಪಂಚೆ ಹೊದಿಸುತ್ತಾನೆ, ಇನ್ನೊಬ್ಬ ಪಕ್ಕದಲ್ಲಿ ಬಿದ್ದ ಚಪ್ಪಲಿ ಎತ್ತಿ ಎಲ್ಲರಿಗೂ ತೋರಿಸುತ್ತಾನೆ, ಮಿಕ್ಕವರು ಮೊಬೈಲಿನಲ್ಲಿ ಫೋಟೋ. ಕೊಲೆಗಾರನ ಹೆಜ್ಜೆ, ಬೆರಳ ಗುರುತು, ರಕ್ತದ ಕಲೆ ಎಲ್ಲ ಮಣ್ಣುಪಾಲು. ಆಮೇಲೆ ಪೊಲೀಸರು ದುಡ್ಡು ತಿಂದು ಕೇಸು ಮುಚ್ಚಿದರು ಎಂದು ನಾವೇ ಬೈಯುವುದು!

2024ರ ಜುಲೈ 1ರಿಂದ ಹಳೆಯ ದಂಡ ಪ್ರಕ್ರಿಯಾ ಸಂಹಿತೆ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 176ನೇ ಕಲಮು, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದೇ ಸಾಕ್ಷ್ಯ ಸಂಗ್ರಹಿಸಬೇಕು, ವಿಡಿಯೋ ಮಾಡಬೇಕು ಎನ್ನುತ್ತದೆ. ಇದನ್ನು ಪೂರ್ತಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದ್ದಾರೆ. ಕಾನೂನು ಚೆನ್ನಾಗಿಯೇ ಇದೆ. ತಜ್ಞರು ಬರುವಷ್ಟರಲ್ಲಿ ಅಲ್ಲಿ ಏನಾದರೂ ಉಳಿದಿರಬೇಕಷ್ಟೆ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ.

ಠಾಣೆಯಲ್ಲಿ ದೂರು ಬರೆದುಕೊಳ್ಳುವುದು ಕನ್ನಡದಲ್ಲಿ. ಪಂಚರನ್ನು ಕರೆದು ಮಹಜರು ಮಾಡುವುದು ಕನ್ನಡದಲ್ಲಿ. ಸಾಕ್ಷಿಯ ಹೇಳಿಕೆ ಕನ್ನಡದಲ್ಲಿ. ಆದರೆ ಇಡೀ ಕೇಸಿನ ಬೆನ್ನೆಲುಬಾದ ಮರಣೋತ್ತರ ಪರೀಕ್ಷೆಯ ವರದಿ, ಪ್ರಯೋಗಾಲಯದ ವರದಿ ಸಾಮಾನ್ಯವಾಗಿ ಬರುವುದು ಇಂಗ್ಲಿಷಿನಲ್ಲಿ! ಮಗನನ್ನು ಕಳೆದುಕೊಂಡ ತಾಯಿ ಅದನ್ನು ಹಿಡಿದುಕೊಂಡು ಯಾರ ಬಳಿ ಹೋಗಬೇಕು? ನನ್ನ ಪ್ರೆಸ್ಸಿಗೆ ಜೆರಾಕ್ಸ್ ಮಾಡಿಸಲು ಬಂದವರು, ಅಣ್ಣಾ ಇದರಲ್ಲಿ ಏನು ಬರೆದಿದ್ದಾರೆ ಸ್ವಲ್ಪ ನೋಡಿ ಎಂದು ಕಾಗದ ಚಾಚಿದ್ದಾರೆ. ಪಿಯುಸಿ ಓದಿದ ನನಗೆ ಎಷ್ಟು ಗೊತ್ತಾಗುತ್ತದೋ ಅಷ್ಟು. ನಮ್ಮ ಗಡಿ ಸೀಮೆಯಲ್ಲಿ ಮನೆಮಾತು ತೆಲುಗು, ಉರ್ದು ಏನೇ ಇರಲಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ಕಾಗದ ಓದಲು ಎಲ್ಲರಿಗೂ ಇರುವ ದಾರಿ ಅದೊಂದೇ. ಅದನ್ನೂ ಮುಚ್ಚಿದರೆ ಜನ ಟೀ ಅಂಗಡಿಗೆ ಹೋಗದೆ ಇನ್ನೆಲ್ಲಿಗೆ ಹೋಗುತ್ತಾರೆ? ಗಾಳಿಮಾತು ಹುಟ್ಟುವುದು ಅಲ್ಲೇ. ಕಲಬುರ್ಗಿಯವರ ವಿಷಯದಲ್ಲಿ ಇವತ್ತಿಗೂ ಹಳೆಯ ಆಸ್ತಿ ಜಗಳದ ಕಥೆ ಹೇಳುವವರಿದ್ದಾರೆ. ಕಾಡತೂಸಿನ ವರದಿ ಅವರ ಕಿವಿಗೇ ಬಿದ್ದಿಲ್ಲ.

ಇದು ಯಾರ ಕೊಲೆಯ ವರದಿ ನೋಡಿ! ಜೀವಮಾನವೆಲ್ಲ ಶಾಸನ ಓದಿ, ತಾಳೆಗರಿ ಓದಿ, ಆಧಾರ ಇಲ್ಲದೆ ಮಾತಾಡಬೇಡಿ ಎಂಬ ಶಿಸ್ತನ್ನು ಕನ್ನಡಿಗರಿಗೆ ಕನ್ನಡದಲ್ಲೇ ಕಲಿಸಿದವರದು.

ಕನ್ನಡದಲ್ಲಿ ಪದಗಳಿಲ್ಲ ಎಂಬ ಹಳೇ ರಾಗ ಎಳೆಯುವವರಿಗೆ ಒಂದು ಮಾತು. ಕಾಡತೂಸು ಪೋರ್ಚುಗೀಸರಿಂದ ಬಂದ ಪದ. ಮಹಜರು ಅರಬ್ಬಿಯಿಂದ ಪಾರಸಿಯ ಮೂಲಕ ಬಂತು. ಎರಡನ್ನೂ ನಮ್ಮ ಅಜ್ಜಂದಿರು ನುಂಗಿ ಜೀರ್ಣಿಸಿಕೊಂಡರು. ಡಿಎನ್‌ಎ ಎಂಬುದನ್ನು ಡಿಎನ್‌ಎ ಎಂದೇ ಕನ್ನಡದ ಅಕ್ಷರದಲ್ಲಿ ಬರೆದರೆ ಆಕಾಶ ಕಳಚಿ ಬೀಳುವುದಿಲ್ಲ. ಇಡೀ ವರದಿಯನ್ನು ಅನುವಾದಿಸಿ ಎಂದೂ ನಾನು ಕೇಳುತ್ತಿಲ್ಲ. ಏನು ಕಳಿಸಿದ್ದರು, ಏನು ಪರೀಕ್ಷೆ ಮಾಡಿದೆವು, ಏನು ಕಂಡಿತು, ಎಷ್ಟು ಖಚಿತ, ಏನು ಹೇಳಲಾಗದು - ಒಂದು ಪುಟ ಕನ್ನಡದಲ್ಲಿ, ತಜ್ಞರ ಸಹಿಯ ಕೆಳಗೆ. 1963ರಲ್ಲೇ ರಾಜಭಾಷಾ ಅಧಿನಿಯಮ ಮಾಡಿಕೊಂಡ ರಾಜ್ಯಕ್ಕೆ ಒಂದು ಪುಟ ಭಾರವೇ?

ನಾಮಫಲಕಕ್ಕೆ ಮಸಿ ಬಳಿಯಲು ಓಡುವ ನಮ್ಮ ಹುಡುಗರೂ ಇದನ್ನು ಯೋಚಿಸಲಿ. ಫಲಕ ಕನ್ನಡದಲ್ಲಿರಬೇಕು, ಸರಿ. ಸತ್ತವರ ಕಾಗದ ಯಾವ ಭಾಷೆಯಲ್ಲಿದೆ ಎಂದು ಎಷ್ಟು ಹೋರಾಟಗಾರರು ಕೇಳಿದ್ದಾರೆ?

ಪ್ರಕರಣಗಳ ಗತಿ ಹೀಗಿದೆ. ಕಲಬುರ್ಗಿಯವರ ಪತ್ನಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಮೇಲೆ, 2019ರ ಫೆಬ್ರವರಿಯಲ್ಲಿ ಆ ತನಿಖೆಯೂ ಗೌರಿ ಪ್ರಕರಣದ ತನಿಖಾ ದಳಕ್ಕೇ ಹೋಯಿತು. ಅದೇ ಆಗಸ್ಟಿನಲ್ಲಿ ಆರು ಮಂದಿಯ ಮೇಲೆ ದೋಷಾರೋಪ ಪಟ್ಟಿ ಬಂತು. ಗೌರಿ ಪ್ರಕರಣದ ವಿಚಾರಣೆ 2022ರ ಜುಲೈನಲ್ಲಿ ಶುರುವಾಯಿತು. ಸಾಕ್ಷಿಗಳ ಪಟ್ಟಿಯೇ 500 ದಾಟುತ್ತದೆ. ವಿಚಾರಣೆ ಎಳೆದದ್ದರಿಂದ 2025ರ ಜನವರಿ ಹೊತ್ತಿಗೆ ಬಂಧಿತರಾಗಿದ್ದ ಆರೋಪಿಗಳಿಗೆಲ್ಲ ಈ ಪ್ರಕರಣದಲ್ಲಿ ಜಾಮೀನು ಸಿಕ್ಕಿತು. ಅವರು ತಪ್ಪಿತಸ್ಥರೋ ಅಲ್ಲವೋ ನ್ಯಾಯಾಲಯ ಹೇಳಬೇಕು, ಟೀ ಅಂಗಡಿಯಲ್ಲ, ನಾನೂ ಅಲ್ಲ. ಪುಣೆಯ ನ್ಯಾಯಾಲಯ 2024ರ ಮೇ 10ರಂದು ದಾಭೋಲ್ಕರ್ ಪ್ರಕರಣದಲ್ಲಿ ಇಬ್ಬರಿಗೆ ಜೀವಾವಧಿ ಕೊಟ್ಟು ಮೂವರನ್ನು ಬಿಟ್ಟಿತು, ಕೊಲೆಯಾದ ಹತ್ತು ವರ್ಷದ ಮೇಲೆ.

ಹೊಸ ಸಂಹಿತೆಯ 193ನೇ ಕಲಮಿನಂತೆ ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರರಿಗೋ ನೊಂದವರಿಗೋ ಪೊಲೀಸರು ತಿಳಿಸಬೇಕು. 230ನೇ ಕಲಮಿನಂತೆ, ವಕೀಲರ ಮೂಲಕ ಹಾಜರಾದ ನೊಂದವರಿಗೂ ದೋಷಾರೋಪ ಪಟ್ಟಿಯ ಪ್ರತಿ ಸಿಗಬೇಕು. ಇವೆರಡನ್ನೂ ಕನ್ನಡದಲ್ಲಿ ಕೊಡಿ, ಪ್ರಯೋಗಾಲಯದ ವರದಿಯ ಸಾರವನ್ನೂ ಕನ್ನಡದಲ್ಲಿ ಸೇರಿಸಿ ಎಂದು ಕೇಳುವ ಒಂದು ಅರ್ಜಿ ನಮೂನೆಯನ್ನು ನಮ್ಮೂರ ವಕೀಲರೊಬ್ಬರ ಕೈಯಲ್ಲಿ ಬರೆಸಿ ಅಚ್ಚು ಹಾಕಿಸಿದ್ದೇನೆ. ಒಂದು ಹಾಳೆ, ಎರಡು ಮಗ್ಗುಲು. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು ಕಡೆಯ ಸಂಘದವರು ಬೇಕಾದಷ್ಟು ಒಯ್ಯಬಹುದು. ಕಾಗದದ ಖರ್ಚು ನನ್ನದು.