ಕತ್ತರಿ ಬಿದ್ದ ತಾಯಿಯ ಕಥೆ
ಸೋದರಿಯರೇ, ನಮ್ಮ ಬಸವಕಲ್ಯಾಣ, ಹುಮನಾಬಾದ್ ಕಡೆ ಕಾಲೇಜಿಗೆ ಹೋಗುವ ಮಕ್ಕಳು ಮನೆಯಲ್ಲಿ ‘ಏಲಿಯನ್ಸ್’ ಹಾಕಿದರೆ, ‘ರಾಕ್ಷಸರ ಸಿನಿಮಾ’ ಅಂತ ಎದ್ದು ಹೋಗಬ್ಯಾಡ್ರಿ. 1979ರ ‘ಏಲಿಯನ್’ ಚಿತ್ರದ ಮುಂದಿನ ಭಾಗವಿದು. ಜೇಮ್ಸ್ ಕ್ಯಾಮರೂನ್ 1986ರಲ್ಲಿ ತೆಗೆದದ್ದು.

ನಾಯಕಿ ರಿಪ್ಲಿ ಬಾಹ್ಯಾಕಾಶದಲ್ಲಿ 57 ವರ್ಷ ನಿದ್ದೆಯಲ್ಲಿದ್ದು ಎಚ್ಚರಾಗುವಷ್ಟರಲ್ಲಿ, ಮಗಳು 66ರ ಮುದುಕಿಯಾಗಿ ತೀರಿಕೊಂಡಿರುತ್ತಾಳೆ. ‘ನಿನ್ನ 11ನೇ ಹುಟ್ಟುಹಬ್ಬಕ್ಕೆ ಬರ್ತೀನಿ’ ಅಂತ ಮಾತು ಕೊಟ್ಟಿದ್ದಳು ತಾಯಿ! ಥಿಯೇಟರಿನ ಪ್ರತಿಯಲ್ಲಿ ಈ ದೃಶ್ಯಕ್ಕೇ ಕತ್ತರಿ ಬಿತ್ತು. ಮನೆಯಲ್ಲಿ ನೋಡಲೆಂದು ಬಂದ ವಿಶೇಷ ಆವೃತ್ತಿಯಲ್ಲಿ ಸುಮಾರು 17 ನಿಮಿಷ ಹೆಚ್ಚು ಸೇರಿಸಿದಾಗ ಅದೂ ಮರಳಿತು.

ಅದನ್ನು ನೋಡಿದ ಮೇಲೆಯೇ, ಅನಾಥ ಹುಡುಗಿ ನ್ಯೂಟ್‌ಗಾಗಿ ಆಕೆ ಸಾವಿನ ಬಾಯಿಗೆ ಯಾಕೆ ಇಳಿದಳು ಅಂತ ತಿಳೀತದ. ಚಿಕ್ಕ ಮಕ್ಕಳನ್ನು ಮಲಗಿಸಿ, ವಿಶೇಷ ಆವೃತ್ತಿಯನ್ನೇ ಹಾಕಿಸಿಕೊಂಡು ನೋಡ್ರಿ.