ಮಲಗಿದ ಬೆಳೆಯ ಫೋಟೊನೂ ತೆಗೆಯಿರಿ

ಸಿಂಧನೂರಿನ ಭತ್ತದ ಗದ್ದೆ ಹಸಿರಾದಾಗ ಎಲ್ಲರ ಸ್ಟೇಟಸ್‌ನಲ್ಲೂ ಅದೇ ಫೋಟೊ. ಆಲಿಕಲ್ಲು ಬಿದ್ದು ಬೆಳೆ ನೆಲಕ್ಕೊರಗಿದ ದಿನ ಮಾತ್ರ ಮೊಬೈಲ್ ಜೇಬಲ್ಲೇ ಉಳಿಯುತ್ತದೆ. ತೆಗೆಯಬೇಕಾದ್ದು ಆ ದಿನವೇ ಅನ್ನುತ್ತೇವೆ ನಾವು.

ಫಸಲ್ ಬಿಮಾ ಕಟ್ಟಿದವರು ಆಲಿಕಲ್ಲು ಹಾನಿಯನ್ನು 72 ಗಂಟೆಯೊಳಗೆ ತಿಳಿಸಬೇಕು. ಸರ್ವೆಯವರು ಬರುವಷ್ಟರಲ್ಲಿ ಆಲಿಕಲ್ಲು ಕರಗಿ, ಉದುರಿದ ಕಾಳು ಕೆಸರಲ್ಲಿ ಹೂತಿರುತ್ತದೆ. ಫೋಟೊ ಒಂದೇ ಪರಿಹಾರ ಕೊಡಿಸದು. ಆದರೆ ನಿಮ್ಮ ಮಾತಿಗೆ ಬಲ ಕೊಡುತ್ತದೆ.

ಮಳೆ ನಿಂತ ಕೂಡಲೇ ಒಂದು ತೆಗೆಯಿರಿ. ನಡುಮಧ್ಯಾಹ್ನ ನೆರಳಿಲ್ಲದೆ ಗದ್ದೆಯೆಲ್ಲ ಸಪಾಟು ಕಾಣುತ್ತದೆ. ಬೆಳಿಗ್ಗೆ, ಸಂಜೆಯ ಓರೆ ಬಿಸಿಲಲ್ಲಿ ಬೆಳೆ ಒರಗಿದ ಜಾಗ ಎದ್ದು ಕಾಣುತ್ತದೆ. ಆಗ ಇನ್ನೊಂದು ತೆಗೆಯಿರಿ.

ಲಿಂಗಸುಗೂರು, ಮಸ್ಕಿಯ ತೊಗರಿ, ಹತ್ತಿ ಹೊಲದವರೂ ಬಿತ್ತನೆಯಿಂದಲೇ ಒಂದೇ ಬದುವಿನ ಮೇಲೆ ನಿಂತು ತಿಂಗಳಿಗೊಂದು ಫೋಟೊ ತೆಗೆದಿಡಿ. ಲೊಕೇಶನ್ ಆನ್ ಇರಲಿ. ಮೊದಲು ಬೆಳೆ ಹೇಗಿತ್ತು ಅಂತ ಕೇಳಿದವರಿಗೆ ತೋರಿಸಲು ಕೈಯಲ್ಲಿ ಏನಾದರೂ ಇರಬೇಕಲ್ಲ.