ಬ್ಯಾಕ್‌ಪ್ಯಾಕ್ ಬಿಚ್ಚಿದಾಗ: ಹಳೇ ಡ್ರೋನ್‌ನ ಹಲ್ಲು ಎಣಿಸುವುದು

 

ಹೋದ ತಿಂಗಳು ನನ್ನ ಡ್ರೈವಿಂಗ್ ಟೆಸ್ಟ್ ಕಥೆ ಬರೆದಿದ್ದೆ. ಅದನ್ನು ಓದಿ ನಕ್ಕವರೆಲ್ಲ ಈ ತಿಂಗಳೂ ನಗಬಹುದು, ಏಕೆಂದರೆ ಇದರಲ್ಲೂ ನಾನು ಮೊದಲು ಪೆದ್ದಿಯಾಗಿದ್ದೇನೆ. ಯುಗಾದಿ ಕಾರ್ಯಕ್ರಮದ ದಿನ ನನ್ನ ಚೀಲದಲ್ಲಿದ್ದ ಡ್ರೋನ್ ನೋಡಿ ಕಡಿಮೆಯೆಂದರೂ ಐದು ಜನ ಕೇಳಿದರು: "ಎಲ್ಲಿ ತಗೊಂಡೆ? ಸೆಕೆಂಡ್ ಹ್ಯಾಂಡಾ? ನಮ್ಮ ಮಗನಿಗೂ ಒಂದು ನೋಡಿಕೊಡ್ತೀಯಾ?" ಹೋಳಿಗೆ ಸಾಲಿನಲ್ಲಿ ನಿಂತು ಅಷ್ಟೆಲ್ಲ ಹೇಳಲು ಆಗಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ ಅದು ನನ್ನ ಎರಡನೆಯ ಡ್ರೋನ್. ಮೊದಲನೆಯದು ಒಂದು ಸಲವೂ ಹಾರಲಿಲ್ಲ.

ಹೋದ ಅಕ್ಟೋಬರ್‌ನಲ್ಲಿ ಆನ್‌ಲೈನ್ ಸಂತೆಯೊಂದರಲ್ಲಿ ಒಂದು ಒಳ್ಳೆಯ ಕ್ಯಾಮೆರಾ ಡ್ರೋನ್ 280 ಡಾಲರಿಗೆ ಕಾಣಿಸಿತು. ಅದೇ ಮಾದರಿ ಬೇರೆಯವರ ಹತ್ತಿರ 500ಕ್ಕಿಂತ ಕಡಿಮೆಗೆ ಇರಲಿಲ್ಲ. "ರಿಮೋಟ್ ಕಳೆದುಹೋಗಿದೆ, ಅದಕ್ಕೇ ಅಗ್ಗ. ರಿಮೋಟ್ ಬೇರೆ ಕೊಂಡರೆ ಆಯಿತು" ಎಂದು ಮಾರುವವನು ಬರೆದಿದ್ದ. ನನ್ನ ಹತ್ತಿರ 140 ಡಾಲರ್ ಇತ್ತು, ಉಳಿದ 140 ಅಪ್ಪನಿಂದ ಸಾಲ ಪಡೆದೆ. ಅಂಗಡಿ ಸಾಲಿನ ಪಾರ್ಕಿಂಗ್‌ನಲ್ಲಿ ಕತ್ತಲಾದ ಮೇಲೆ ಭೇಟಿ. ಡ್ರೋನ್ ಆನ್ ಮಾಡಿದ, ದೀಪ ಮಿನುಗಿತು, ಕ್ಯಾಮೆರಾ ಕತ್ತು ಆಡಿಸಿತು. ನನಗೆ ಅಷ್ಟೇ ಸಾಕಾಯಿತು. ಎರಡು ನಿಮಿಷದಲ್ಲಿ ವ್ಯಾಪಾರ ಮುಗಿಯಿತು.

ರಿಮೋಟ್ ತರಿಸಿ ಜೋಡಿಸಲು ಹೋದರೆ ಆ್ಯಪ್ ಒಪ್ಪಲಿಲ್ಲ. ಈ ಡ್ರೋನ್ ಬೇರೊಬ್ಬರ ಖಾತೆಗೆ ಸೇರಿದೆ ಎಂಬ ಸಂದೇಶ ಬಂತು. ಮಾರಿದವನ ಫೋನ್ ನಂಬರ್ ಆಗಲೇ ಸತ್ತಿತ್ತು. ತಯಾರಕರ ಸಹಾಯವಾಣಿಗೆ ಬರೆದೆ. ಖಾತೆಯ ಮಾಲೀಕರೇ ಅದನ್ನು ಬಿಡಿಸಬೇಕು, ನಾವು ನಿಮಗಾಗಿ ಬಿಡಿಸಲಾಗುವುದಿಲ್ಲ ಎಂದರು. ಸರಿಯಾದ ಉತ್ತರವೇ. ನನ್ನದನ್ನು ಯಾರಾದರೂ ಕದ್ದರೆ ನಾನೂ ಅದನ್ನೇ ಬಯಸುತ್ತೇನೆ. ಆಮೇಲೆ ಹಗಲು ಬೆಳಕಿನಲ್ಲಿ ನೋಡಿದರೆ ಡ್ರೋನ್‌ನ ಪಕ್ಕೆಯಲ್ಲಿ ಒಂದು ಕಡೆ ಉಜ್ಜಿದ ಗುರುತು. ನೋಂದಣಿ ಸಂಖ್ಯೆಯ ಸ್ಟಿಕರ್ ಇದ್ದ ಜಾಗ ಅದು. ಯಾರೋ ಉಗುರಿನಿಂದ ಕೆರೆದು ತೆಗೆದಿದ್ದರು.

ಈಗ ನಾನು ಹೇಳಲು ನಾಚಿಕೆಪಡುವ ಭಾಗ. ಅದನ್ನು "ಬಿಡಿಭಾಗಗಳಿಗಾಗಿ" ಎಂದು ಬರೆದು 200ಕ್ಕೆ ಮಾರಿಬಿಡೋಣ ಅಂತ ಜಾಹೀರಾತು ಬರೆದಿಟ್ಟಿದ್ದೆ, ಇನ್ನು ಒತ್ತುವುದೊಂದೇ ಬಾಕಿ. ಅಪ್ಪನಿಗೆ ತೋರಿಸಿದೆ. ಅಪ್ಪ ಬೈಯಲಿಲ್ಲ. "ಪುಟ್ಟಿ, ಇದನ್ನು ಕಳೆದುಕೊಂಡವರು ಯಾರೋ ಇದ್ದಾರೆ ಅಲ್ವಾ?" ಎಂದಷ್ಟೇ ಕೇಳಿದರು. ಮರುದಿನ ಇಬ್ಬರೂ ಹೋಗಿ ಊರಿನ ಪೊಲೀಸ್ ಠಾಣೆಯಲ್ಲಿ ಕೊಟ್ಟು ಬಂದೆವು. ಸೀರಿಯಲ್ ನಂಬರ್ ಬರೆದುಕೊಂಡು ಒಂದು ರಸೀದಿ ಕೊಟ್ಟರು. 280 ಡಾಲರ್ ಹೋಯಿತು. ಅಪ್ಪನ 140 ಮಾತ್ರ ಸಾಲದ ಪಟ್ಟಿಯಲ್ಲಿ ಹಾಗೇ ಉಳಿಯಿತು. ಅವರು ಮನ್ನಾ ಮಾಡಲಿಲ್ಲ, ನಾನೂ ಕೇಳಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಅಪ್ಪ ನಮ್ಮ ತಾತನ ಕಥೆ ಹೇಳಿದರು. ತಾತ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳುತ್ತಿದ್ದರಂತೆ. ಬಾಯಿ ಬಿಡಿಸಿ ಹಲ್ಲು ಎಣಿಸಿ ವಯಸ್ಸು ತಿಳಿಯುವುದು, ಗೊರಸು ಎತ್ತಿ ನೋಡುವುದು, ನಡೆಸಿ ಓಡಿಸಿ ಕುಂಟುತ್ತದೆಯೇ ಎಂದು ಪರೀಕ್ಷಿಸುವುದು. ಎಲ್ಲ ಮುಗಿದ ಮೇಲೆಯೇ ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮಾತು. "ನೀನು ಕತ್ತಲಲ್ಲಿ ಎತ್ತು ಕೊಂಡೆ" ಎಂದರು ಅಪ್ಪ.

ಸರಿ, ಹಾಗಾದರೆ ಡ್ರೋನ್‌ನ ಹಲ್ಲು ಯಾವುದು? ಚಳಿಗಾಲವೆಲ್ಲ ಅಕ್ಕಪಕ್ಕದವರ ಹಿಮ ಎತ್ತಿ ದುಡ್ಡು ಕೂಡಿಸುತ್ತಾ ಅದನ್ನೇ ಓದಿದೆ.

ನಾನು ಆರಿಸಿದ್ದು ಡಿಜೆಐ ಮ್ಯಾವಿಕ್ 3 ಕ್ಲಾಸಿಕ್. 2022ರ ನವೆಂಬರ್‌ನಲ್ಲಿ ಬಂದದ್ದು, ತೂಕ 895 ಗ್ರಾಂ, ಕ್ಯಾಮೆರಾದ ಸೆನ್ಸರ್ ದೊಡ್ಡದು. ಮದುವೆ ಫೋಟೋಗ್ರಾಫರ್‌ಗಳು, ಮನೆ ಮಾರುವ ಏಜೆಂಟರು ಬಳಸುವಂಥದ್ದು. ಇದರ ತಮ್ಮ ಮ್ಯಾವಿಕ್ 4 ಪ್ರೊ 2025ರ ಮೇನಲ್ಲಿ ಬಿಡುಗಡೆಯಾದಾಗ ಅಮೆರಿಕದ ಮಾರುಕಟ್ಟೆಗೆ ಬರಲೇ ಇಲ್ಲ. ಹಾಗಾಗಿ ಇಲ್ಲಿ ಹಳೆಯದಕ್ಕೇ ಬೇಡಿಕೆ. ಬೇಡಿಕೆ ಇರುವ ಕಡೆ ಮೋಸವೂ ಬರುತ್ತದೆ.

ಮನೆಯಿಂದ ಹೊರಡುವ ಮೊದಲೇ ಅರ್ಧ ಪರೀಕ್ಷೆ ಮುಗಿಯಬೇಕು. ಮಾರುವವರಿಗೆ ನಾನು ಮೂರು ವಿಷಯ ಕೇಳುತ್ತಿದ್ದೆ. ಒಂದು, ಇವತ್ತಿನ ತಾರೀಕು ಬರೆದ ಚೀಟಿಯನ್ನು ಡ್ರೋನ್ ಪಕ್ಕ ಇಟ್ಟು ಫೋಟೋ ಕಳಿಸಿ. ಬೇರೆಯವರ ಫೋಟೋ ಕದ್ದು ಹಾಕಿದವರು ಇಲ್ಲೇ ಮಾಯವಾಗುತ್ತಾರೆ (ನನಗೆ ಇಬ್ಬರು ಮಾಯವಾದರು). ಎರಡು, ಆ್ಯಪ್‌ನಲ್ಲಿ ಪ್ರತಿ ಬ್ಯಾಟರಿಯ ಚಾರ್ಜ್ ಲೆಕ್ಕ ತೋರಿಸುವ ಪುಟದ ಚಿತ್ರ. ಮೂರು, ನನ್ನ ಮುಂದೆಯೇ ಖಾತೆಯಿಂದ ಡ್ರೋನ್ ತೆಗೆದುಹಾಕುತ್ತೀರಾ? ಮೂರನೆಯದಕ್ಕೆ "ಆಮೇಲೆ ಮಾಡ್ತೀನಿ, ದುಡ್ಡು ಮೊದಲು ಕಳಿಸು" ಎಂದವರಿಗೆ ನಾನು ಮತ್ತೆ ಉತ್ತರಿಸಲಿಲ್ಲ. ಫೋನಿನಿಂದ ಫೋನಿಗೆ ಕಳಿಸಿದ ದುಡ್ಡು ನೋಟು ಕೊಟ್ಟ ಹಾಗೆಯೇ, ಹೋದರೆ ಹೋಯಿತು. ಗಿಫ್ಟ್ ಕಾರ್ಡ್ ಕೇಳಿದರಂತೂ ಮಾತೇ ಬೇಡ.

ಏಪ್ರಿಲ್‌ನ ಒಂದು ಶನಿವಾರ, ಬೆಳಗ್ಗೆ 11 ಗಂಟೆ. ಮಾರುವವರು ಒಬ್ಬ ಮದುವೆ ಫೋಟೋಗ್ರಾಫರ್. ಈ ಸಲ ಭೇಟಿ ಪೊಲೀಸ್ ಠಾಣೆಯ ಪಾರ್ಕಿಂಗ್‌ನಲ್ಲಿ. ಅಮೆರಿಕದ ಎಷ್ಟೋ ಊರುಗಳಲ್ಲಿ ಇಂಥ ಕೊಡು-ಕೊಳ್ಳುವಿಕೆಗೆಂದೇ ಠಾಣೆಯ ಮುಂದೆ ಕ್ಯಾಮೆರಾ ಇರುವ ಜಾಗ ಗುರುತು ಮಾಡಿರುತ್ತಾರೆ. ಅಪ್ಪ ಜೊತೆಗಿದ್ದರು. ನನ್ನ ವಯಸ್ಸಿನವರು ಒಬ್ಬರೇ ಹೋಗಬೇಡಿ, ದೊಡ್ಡವರಿಗೆ ಡ್ರೋನ್ ಬಗ್ಗೆ ಏನೂ ತಿಳಿಯದಿದ್ದರೂ ಪರವಾಗಿಲ್ಲ. ನಮ್ಮಪ್ಪ ಪೂರ್ತಿ ಹೊತ್ತು ಕೈ ಕಟ್ಟಿಕೊಂಡು ನಿಂತಿದ್ದರು, ಅಷ್ಟೇ.

ಮೊದಲು ಆಫ್ ಇರುವಾಗಲೇ ನೋಡಬೇಕು. ನಾಲ್ಕು ತೋಳುಗಳು ಮಡಚುವ ಕೀಲಿನ ಹತ್ತಿರ ಕೂದಲಿನಷ್ಟು ಸಣ್ಣ ಬಿರುಕು ಇದ್ದರೂ ಅದು ಬಿದ್ದಿರುವ ಡ್ರೋನ್. ಸ್ಕ್ರೂ ತಲೆ ಸವೆದಿದ್ದರೆ ಯಾರೋ ಮನೆಯಲ್ಲಿ ಬಿಚ್ಚಿದ್ದಾರೆ. ಬಿಚ್ಚುವುದು ತಪ್ಪಲ್ಲ, ಆದರೆ "ಒಂದು ಸಲವೂ ರಿಪೇರಿ ಆಗಿಲ್ಲ" ಎಂದವರ ಡ್ರೋನ್‌ನಲ್ಲಿ ಅದು ಕಂಡರೆ ಉಳಿದ ಮಾತನ್ನೂ ನಂಬಬೇಡಿ. ಒಂದೊಂದು ಮೋಟಾರನ್ನೂ ಬೆರಳಿನಿಂದ ತಿರುಗಿಸಿ. ನಾಲ್ಕೂ ಒಂದೇ ಥರ ನುಣ್ಣಗೆ ತಿರುಗಬೇಕು. ಮರಳು ಹೊಕ್ಕಿದ್ದರೆ ಬೆರಳಿಗೇ ಗೊತ್ತಾಗುತ್ತದೆ, ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ. ಬ್ಯಾಟರಿ ತೆಗೆದು ಒಳಗಿನ ಲೋಹದ ಪಿನ್‌ಗಳ ಮೇಲೆ ಟಾರ್ಚ್ ಬಿಡಿ. ಬಿಳಿ ಅಥವಾ ಹಸಿರು ಪುಡಿ ಕಂಡರೆ ಅದು ನೀರಿಗೆ ಬಿದ್ದಿತ್ತು. ಸರೋವರದ ನೀರೋ ಸಮುದ್ರದ ನೀರೋ ಎಂದು ವಿಚಾರಿಸುವ ಅಗತ್ಯವಿಲ್ಲ, ಕೊಳ್ಳಬೇಡಿ.

ಬ್ಯಾಟರಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಹಳೇ ಡ್ರೋನ್‌ನಲ್ಲಿ ಬೇಗ ಸಾಯುವುದು ಅದೇ, ಮತ್ತು ಆಕಾಶದಲ್ಲಿ ಅದು ಕೈಕೊಟ್ಟರೆ ಕೆಳಗೆ ಯಾರದ್ದಾದರೂ ತಲೆ ಇರಬಹುದು. ಮೇಜಿನ ಮೇಲೆ ಇಟ್ಟು ಕಣ್ಣಿನ ಮಟ್ಟದಲ್ಲಿ ನೋಡಿ. ಪೂರಿಯಂತೆ ಚೂರು ಉಬ್ಬಿದ್ದರೂ ಬೇಡ. ಲಿಥಿಯಂ ಬ್ಯಾಟರಿ ಒಳಗೆ ಅನಿಲ ತುಂಬಿದರೆ ಹಾಗಾಗುತ್ತದೆ, ಬೆಂಕಿಯ ಅಪಾಯ ಇರುತ್ತದೆ. ಅಂಥದ್ದನ್ನು ಮನೆಯ ಕಸದ ಡಬ್ಬಿಗೂ ಹಾಕಬಾರದು. ಉಬ್ಬಿಲ್ಲದಿದ್ದರೆ ಸ್ಲಾಟ್‌ಗೆ ಹಾಕಿ, ಟಕ್ ಎಂದು ಕೂರಬೇಕು. ನಂತರ ಆ್ಯಪ್‌ನಲ್ಲಿ ಎಷ್ಟು ಸಲ ಚಾರ್ಜ್ ಆಗಿದೆ ಎಂಬ ಲೆಕ್ಕ ನೋಡಿ. ಅದರ ಜೊತೆಗೇ ನಾಲ್ಕು ಸೆಲ್‌ಗಳ ವೋಲ್ಟೇಜ್ ಬೇರೆ ಬೇರೆಯಾಗಿ ಕಾಣುತ್ತದೆ. ನಾಲ್ಕೂ ಹೆಚ್ಚುಕಡಿಮೆ ಒಂದೇ ಇರಬೇಕು. ಈ ಫೋಟೋಗ್ರಾಫರ್ ಕೊಟ್ಟ ಮೂರು ಬ್ಯಾಟರಿಗಳಲ್ಲಿ ಎರಡು ಚೆನ್ನಾಗಿದ್ದವು. ಮೂರನೆಯದರಲ್ಲಿ ಒಂದು ಸೆಲ್ ಮಾತ್ರ ಉಳಿದವಕ್ಕಿಂತ 0.1 ವೋಲ್ಟ್ ಕೆಳಗಿತ್ತು. ನಾನು ಅದನ್ನು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಹೌದು, ಅದಕ್ಕೇ ಇದು ಬೇಗ ಖಾಲಿಯಾಗ್ತಿತ್ತಾ!" ಎಂದು ಅವರೇ ಆಶ್ಚರ್ಯಪಟ್ಟರು. 900 ಹೇಳಿದ್ದ ಬೆಲೆ 840ಕ್ಕೆ ಇಳಿಯಿತು. ಟವೆಲ್ ಬೇಕಾಗಲಿಲ್ಲ.

ಖಾತೆ ಬಿಡಿಸುವ ಹೊತ್ತಿಗೆ ಅವರಿಗೆ ಪಾಸ್‌ವರ್ಡ್ ಮರೆತುಹೋಗಿತ್ತು. ಇಪ್ಪತ್ತು ನಿಮಿಷ ಕಾದೆವು. ನನ್ನ ಎದೆ ಡವಡವ, ಮತ್ತೆ ಅದೇ ಕಥೆಯಾ ಅಂತ. ಕೊನೆಗೆ ಸಿಕ್ಕಿತು, ಅವರು ತೆಗೆದರು, ನಾನು ನನ್ನ ಫೋನಿನಲ್ಲಿ ಸೇರಿಸಿದೆ. ಡ್ರೋನ್ ಮೇಲಿನ ಸೀರಿಯಲ್ ನಂಬರ್ ಮತ್ತು ಆ್ಯಪ್‌ನಲ್ಲಿ ಕಾಣುವ ನಂಬರ್ ಒಂದೇ ಎಂದು ಅಕ್ಷರ ಅಕ್ಷರವಾಗಿ ಓದಿದೆ.

ಆದರೂ ದುಡ್ಡು ಇನ್ನೂ ಅಪ್ಪನ ಜೇಬಿನಲ್ಲೇ ಇತ್ತು. ಹಾರಿಸದೆ ಕೊಳ್ಳುವಂತಿಲ್ಲ. ಹತ್ತಿರದಲ್ಲಿ ಹಾರಿಸಲು ಅನುಮತಿ ಇರುವ ಬಯಲಿಗೆ ಹೋದೆವು. ನಾವಿರುವುದು ಶಿಕಾಗೋ ಹತ್ತಿರ, ವಿಮಾನ ನಿಲ್ದಾಣಗಳ ಸುತ್ತ ಎಲ್ಲೆಂದರಲ್ಲಿ ಹಾರಿಸುವ ಹಾಗಿಲ್ಲ, ಮೊದಲೇ ನಕ್ಷೆ ನೋಡಿಕೊಂಡಿದ್ದೆ. ಹಾರಿಸಿದ್ದು ಅವರೇ, ನಾನಲ್ಲ. ತಲೆಗಿಂತ ಸ್ವಲ್ಪ ಮೇಲೆ ಎರಡು ನಿಮಿಷ ಸುಮ್ಮನೆ ನಿಲ್ಲಿಸಲು ಹೇಳಿದೆ. ಒಳ್ಳೆಯ ಡ್ರೋನ್ ಗೂಟಕ್ಕೆ ಕಟ್ಟಿದ ಹಾಗೆ ನಿಲ್ಲುತ್ತದೆ. ಪಕ್ಕಕ್ಕೆ ಜಾರುತ್ತಾ ಹೋದರೆ, ದಿಕ್ಸೂಚಿಯ ಎಚ್ಚರಿಕೆ ಮತ್ತೆ ಮತ್ತೆ ಬಂದರೆ ಬೇಡ. ಕ್ಯಾಮೆರಾ ಮೇಲೆ ಕೆಳಗೆ ಮಾಡಿ ವಿಡಿಯೋ ತೆಗೆಸಿದೆ. ವಿಡಿಯೋವನ್ನು ಫೋನಿನಲ್ಲಿ ನೋಡಿದರೆ ಸಾಲದು. ಲ್ಯಾಪ್‌ಟಾಪ್ ಒಯ್ದಿದ್ದೆ, ದೊಡ್ಡ ಪರದೆಯಲ್ಲಿ ದಿಗಂತ ನೇರವಾಗಿದೆಯೇ, ಚಿತ್ರ ನಡುಗುತ್ತಿದೆಯೇ, ಲೆನ್ಸ್ ಮೇಲೆ ಗೀರು ಇದೆಯೇ ಎಂದು ನೋಡಿದೆ. ಕಾರ್ಡಿನಲ್ಲಿ ಯಾರದ್ದೋ ಮದುವೆಯೂ ಇತ್ತು! ಅದನ್ನು ಅವರಿಗೇ ಕೊಟ್ಟೆ. ನೀವು ಮಾರುವವರಾದರೆ ಕಾರ್ಡು ತೆಗೆದುಕೊಳ್ಳಿ, ದಯವಿಟ್ಟು.

ಕೊನೆಗೆ ಒಂದು ಬಿಳಿ ಹಾಳೆಯಲ್ಲಿ ತಾರೀಕು, ಬೆಲೆ, ಸೀರಿಯಲ್ ನಂಬರ್ ಬರೆದು ಇಬ್ಬರೂ ಸಹಿ ಹಾಕಿದೆವು. ಅವರು ಎಫ್‌ಎಎಯಲ್ಲಿ ತಮ್ಮ ಹೆಸರಿನ ನೋಂದಣಿ ರದ್ದು ಮಾಡುವುದಾಗಿ ಹೇಳಿ, ಅಲ್ಲೇ ಮಾಡಿಯೂ ಬಿಟ್ಟರು.

ಕಾನೂನಿನ ವಿಷಯ ಬೇಗ ಹೇಳುತ್ತೇನೆ. 250 ಗ್ರಾಂ ಮತ್ತು ಅದಕ್ಕಿಂತ ಹೆಚ್ಚು ತೂಕದ್ದನ್ನು ಹವ್ಯಾಸಕ್ಕೆ ಹಾರಿಸುವುದಾದರೂ ಎಫ್‌ಎಎಯಲ್ಲಿ ನೋಂದಾಯಿಸಬೇಕು: 5 ಡಾಲರ್, ಮೂರು ವರ್ಷಕ್ಕೆ. 13 ತುಂಬದವರ ಪರವಾಗಿ 13 ತುಂಬಿದ ಬೇರೊಬ್ಬರು ಮಾಡಬೇಕು. ಟ್ರಸ್ಟ್ ಎಂಬ ಪುಟ್ಟ ಆನ್‌ಲೈನ್ ಪರೀಕ್ಷೆ ಉಚಿತ. ನೋಂದಣಿ ಬೇಕಾದ ಡ್ರೋನ್‌ಗೆ ರಿಮೋಟ್ ಐಡಿ ಕೂಡ ಬೇಕು, ಅಂದರೆ ಹಾರುವಾಗ ತನ್ನ ಗುರುತನ್ನು ತಾನೇ ಪ್ರಸಾರ ಮಾಡುವ ವ್ಯವಸ್ಥೆ. 2024ರ ಮಾರ್ಚ್ 16ರಿಂದ ಇದು ಕಟ್ಟುನಿಟ್ಟು. 2015ರ ಫ್ಯಾಂಟಮ್ 3ರಂಥ ಹಳೆಯ ಡ್ರೋನ್‌ಗಳಲ್ಲಿ ಇದು ಇರುವುದಿಲ್ಲ, ಬೇರೆ ಸಾಧನ ಕೊಂಡು ಅಂಟಿಸಬೇಕು. ಅಗ್ಗ ಎಂದು ಕೊಂಡದ್ದಕ್ಕೆ ಆ ಖರ್ಚೂ ಸೇರುತ್ತದೆ.

ಹಾಗಾದರೆ ಯುಗಾದಿ ದಿನ ಯಾಕೆ ಹಾರಿಸಲಿಲ್ಲ ಎಂದು ಕೇಳಿದಿರಿ. ಶಾಲೆಯ ವಿಡಿಯೋಗಾಗಿ ಹಾರಿಸಿದರೆ ದುಡ್ಡು ತೆಗೆದುಕೊಳ್ಳದಿದ್ದರೂ ಅದು ಹವ್ಯಾಸ ಆಗುವುದಿಲ್ಲ, ಪಾರ್ಟ್ 107 ಪ್ರಮಾಣಪತ್ರ ಬೇಕು. ಅದಕ್ಕೆ 16 ವರ್ಷ ತುಂಬಿರಬೇಕು. ನನಗೆ ತುಂಬಿದೆ! 60 ಪ್ರಶ್ನೆ, ಶೇಕಡಾ 70 ಬರಬೇಕು, ಶುಲ್ಕ 175 ಡಾಲರ್. ಜೂನ್‌ನಲ್ಲಿ ಬರೆಯುತ್ತೇನೆ. ಪಾಸಾದರೂ ಊಟದ ಸಾಲಿನ ತಲೆಗಳ ಮೇಲೆ ಹಾರಿಸುವುದಿಲ್ಲ, ಪಕ್ಕದ ಬಯಲಿನಿಂದ ತೆಗೆಯುತ್ತೇನೆ.

ಇನ್ನೊಂದು ಮಾತು, ಬೇಸಿಗೆ ರಜೆಗೆ ಊರಿಗೆ ಹೋಗುವವರಿಗೆ. "ಬೆಂಗಳೂರಿಗೆ ತಗೊಂಡು ಹೋಗು, ಚಿಕ್ಕಪ್ಪನ ಗೃಹಪ್ರವೇಶ ತೆಗಿ" ಎಂದು ನನ್ನ ಅಜ್ಜಿಯೇ ಹೇಳಿದ್ದರು. ಈ ಡ್ರೋನ್‌ನ ಬ್ಯಾಟರಿ 77 ವ್ಯಾಟ್-ಅವರ್, 100ರ ಒಳಗೆ ಇರುವುದರಿಂದ ವಿಮಾನದೊಳಗೆ ಕೈಚೀಲದಲ್ಲಿ ಒಯ್ಯಬಹುದು. ತೊಂದರೆ ಅಲ್ಲಲ್ಲ. 2022ರ ಫೆಬ್ರವರಿಯಿಂದ ಭಾರತಕ್ಕೆ ವಿದೇಶಿ ಡ್ರೋನ್‌ಗಳ ಆಮದನ್ನೇ ನಿಷೇಧಿಸಿದ್ದಾರೆ. ಸಂಶೋಧನೆ, ರಕ್ಷಣೆ, ಭದ್ರತೆಯಂಥ ಕೆಲಸಗಳಿಗೆ ಮಾತ್ರ ವಿನಾಯಿತಿ. ಕಸ್ಟಮ್ಸ್‌ನವರ ಮುಂದೆ ಅಜ್ಜಿಯ ಆಸೆ ನಡೆಯುವುದಿಲ್ಲ. ಹಾಗಾಗಿ ಗೃಹಪ್ರವೇಶಕ್ಕೆ ನಾನು ಮಾತ್ರ ಹೋಗುತ್ತೇನೆ, ಡ್ರೋನ್ ಇಲ್ಲೇ ಇರುತ್ತದೆ.

ಪೊಲೀಸರಿಂದ ಮೊದಲ ಡ್ರೋನ್ ಬಗ್ಗೆ ಇದುವರೆಗೆ ಫೋನ್ ಬಂದಿಲ್ಲ. ರಸೀದಿಯನ್ನು ಅಪ್ಪ ಪಾಸ್‌ಪೋರ್ಟ್‌ಗಳ ಜೊತೆ ಇಟ್ಟಿದ್ದಾರೆ.

ಯಾರಾದರೂ ಹಳೇ ಡ್ರೋನ್ ನೋಡಲು ಹೊರಟಿದ್ದರೆ ಭಾನುವಾರ ತರಗತಿ ಮುಗಿದ ಮೇಲೆ ನನ್ನನ್ನು ಕೇಳಿ, ಲ್ಯಾಪ್‌ಟಾಪ್ ಮತ್ತು ಟಾರ್ಚ್ ಹಿಡಿದು ನಾನೂ ಬರುತ್ತೇನೆ. ಅಪ್ಪನಿಗೆ ಹಳೆಯದೂ ಹೊಸದೂ ಸೇರಿ ಇನ್ನೂ 310 ಡಾಲರ್ ಕೊಡಬೇಕು. ಹುಲ್ಲು ಬೆಳೆಯುವ ಕಾಲ ಬಂತು. ನಿಮ್ಮ ಮನೆಯ ಹುಲ್ಲು ಕತ್ತರಿಸಬೇಕಿದ್ದರೆ ಅದಕ್ಕೂ ಕೇಳಿ.